ಮುರಿಯಬೇಕಾದ ಬೋಲ್ಟು

ಸಂಪಗಾಂವದ ಬಸ್‌ಸ್ಟ್ಯಾಂಡಿನ ಪಕ್ಕ, ತಗಡಿನ ಚಪ್ಪರದ ಕೆಳಗೆ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡಿದ್ದ ಹನುಮಪ್ಪನಿಗೆ ಊರಿನವರು ಹತ್ತು ವರ್ಷ ಕಿಟಕಿ, ಗೇಟು ಬಿಟ್ಟರೆ ಬೇರೆ ಕೆಲಸ ಕೊಟ್ಟಿರಲಿಲ್ಲ. ಕೈ ಕೆಟ್ಟದ್ದು ಅಂತಲ್ಲ. ಸವದತ್ತಿ ಕಡೆ ಕಾಲುವೆಯ ಗೇಟುಗಳನ್ನು ಬೆಸೆದು ಪಳಗಿದ ಕೈ ಅದು. ಅವನು ಮಾಡಿದ ಗೇಟಿಗೆ ಎಮ್ಮೆ ಗುದ್ದಿದರೆ ಎಮ್ಮೆಯೇ ಹಿಂದೆ ಸರಿಯಬೇಕು. ಆದರೆ ಹೊಲಕ್ಕೆ ಇಳಿಯುವ ಸಾಮಾನಿನ ಮಾತೇ ಬೇರೆ. ಅವನ ಅಪ್ಪ ನೊಗಕ್ಕೆ ಕಟ್ಟುವ ಚರ್ಮದ ಮಿಣಿ, ಬಾರುಕೋಲು ಮಾಡಿ ಗೌಡರ ಮನೆಯ ಕಟ್ಟೆಯ ಕೆಳಗೆ ನಿಂತು ಕೊಟ್ಟು ಬರುತ್ತಿದ್ದವನು. ಅಂಥವನ ಮಗ ನೇಗಿಲು ಮಾಡುವುದೇ? ಬಾಯಿಬಿಟ್ಟು ಯಾರೂ ಹಾಗೆ ಅನ್ನಲಿಲ್ಲ. ಕೆಲಸ ಮಾತ್ರ ಬೈಲಹೊಂಗಲದ ಅಂಗಡಿಗಳಿಗೆ ಹೋಗುತ್ತಿತ್ತು.

ಹೀಗಿರುವಾಗ ತೊಂಬತ್ತೆಂಟರ ಬೇಸಿಗೆಯಲ್ಲಿ ಬಸಲಿಂಗಪ್ಪ ಗೌಡ ತಾನಾಗಿಯೇ ಚಪ್ಪರದ ಮುಂದೆ ಬಂದು ನಿಂತ. ವರ್ಷಗಟ್ಟಲೆ ಟ್ರ್ಯಾಕ್ಟರು, ಕಬ್ಬಿನ ಗಾಡಿ ತುಳಿದು ತುಳಿದು ಅವನ ಎರೆಹೊಲದಲ್ಲಿ ಒಂದೂವರೆ ಅಡಿ ಕೆಳಗೆ ಮಣ್ಣು ಹೆಂಚಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಮಳೆ ನೀರು ಇಳಿಯದು, ಹತ್ತಿಯ ಬೇರು ದಾಟದು. ಗೌಡ ಧಾರವಾಡದಲ್ಲಿ ಒಂದು ಯಂತ್ರ ನೋಡಿ ಬಂದಿದ್ದ. ಉದ್ದನೆಯ ಒಂದೇ ಒಂದು ಹಲ್ಲು. ಟ್ರ್ಯಾಕ್ಟರಿನ ಹಿಂದೆ ಕಟ್ಟಿದರೆ ಎರಡಡಿ ಇಳಿದು ಆ ಹೆಂಚನ್ನು ಸೀಳುತ್ತ ಹೋಗುತ್ತದೆ. ಬೈಲಹೊಂಗಲದಲ್ಲಿ ಎಲ್ಲರೂ ಆಗುವುದಿಲ್ಲ ಅಂದಿದ್ದರು. ಗೌಡ ಕೋಲಿನಿಂದ ನೆಲದ ಮೇಲೆ ಗೀಚಿ ತೋರಿಸಿದ. ಹನುಮಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ, ಮತ್ತೊಂದು ಸಲ ಗೀಚಿಸಿಕೊಂಡ, ಆಗುತ್ತದೆ ಅಂದ.

ಹದಿನೆಂಟು ದಿನ ಹಿಡಿಯಿತು. ಗುಜರಿಯಲ್ಲಿ ಸಿಕ್ಕ ಇಂಚು ದಪ್ಪದ ಉಕ್ಕಿನ ಪಟ್ಟಿಯೇ ಹಲ್ಲು. ಅದರ ತುದಿಗೆ ಲಾರಿಯ ಕಮಾನ್ ಪಟ್ಟಿ ಕಾಯಿಸಿ ಬಡಿದು ಮಾಡಿದ ಕುಳ. ಹೆಂಡತಿ ಮರೆವ್ವ ಇನ್ನೊಂದು ತುದಿ ಹಿಡಿಯದಿದ್ದರೆ ಅದು ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಹಲ್ಲನ್ನು ಚೌಕಟ್ಟಿಗೆ ಎರಡು ಬೋಲ್ಟಿನಿಂದ ಸೇರಿಸಿದ. ಮೇಲಿನದು ದಪ್ಪ. ಕೆಳಗಿನದು ಬೇಕೆಂತಲೇ ತೆಳ್ಳಗೆ, ಮೆತ್ತನೆಯ ಕಬ್ಬಿಣದ್ದು. ಹಲ್ಲು ಕಲ್ಲಿಗೆ ಸಿಕ್ಕಿದಾಗ ಈ ಬೋಲ್ಟು ಮುರಿಯಬೇಕು, ಹಲ್ಲು ಹಿಂದಕ್ಕೆ ಮಡಚಿಕೊಳ್ಳಬೇಕು. ಅದು ಮುರಿಯದಿದ್ದರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ, ಓಡಿಸುವವ ಅಡಿಗೆ ಹೋಗುತ್ತಾನೆ. ಕಾಲುವೆಯ ಗೇಟೆತ್ತುವ ಯಂತ್ರದಲ್ಲೂ ಇಂಥದೊಂದು ಪಿನ್ನು ಇರುತ್ತಿತ್ತು. ಅದನ್ನು ಗಟ್ಟಿ ಮಾಡಿದವನ ಕೈ ಕಡಿಯುತ್ತೇನೆ ಅನ್ನುತ್ತಿದ್ದ ಅಲ್ಲಿನ ಮುದಿ ಮೇಸ್ತ್ರಿ. ಹನುಮಪ್ಪನಿಗೆ ಇದೆಲ್ಲ ಚೆನ್ನಾಗಿ ಗೊತ್ತಿತ್ತು, ಅದೇ ನೋಡಿ ಸಂಕಟ.

ಮೊದಲ ದಿನ ಊರ ಪಕ್ಕದ ಹೊಲದ ಬದುವಿನ ಮೇಲೆ ಅರ್ಧ ಊರು ಕೂತಿತ್ತು. ಗೌಡನ ಮಗ ಗೌರೀಶ ಟ್ರ್ಯಾಕ್ಟರ್ ಹತ್ತಿದ. ಮೂರನೆಯ ಸಾಲಿನಲ್ಲಿ ಬೋಲ್ಟು ಟಕ್ ಅಂತ ಮುರಿಯಿತು. ಹನುಮಪ್ಪ ಓಡಿಹೋಗಿ ಬೇರೆ ಹಾಕಿದ. ಮತ್ತೆ ಮುರಿಯಿತು. ಮಧ್ಯಾಹ್ನದೊಳಗೆ ಮೂರು. ಲೆಕ್ಕಕ್ಕಿಂತ ಒಂದು ನೂಲು, ಇಂಚಿನ ಎಂಟನೆಯ ಒಂದು ಪಾಲು, ತೆಳ್ಳಗಾಗಿತ್ತು, ಅಷ್ಟೇ. ಬೈಲಹೊಂಗಲಕ್ಕೆ ಹೋಗಿ ಸರಿಯಾದ ಅಳತೆಯದು ತಂದಿದ್ದರೆ ಮುಗಿಯುತ್ತಿತ್ತು. ಆದರೆ ಬದುವಿನ ಮೇಲಿದ್ದವರಿಗೆ ಅಳತೆ ಯಾಕೆ ಬೇಕು? ಮುರಿಯಲಿ ಅಂತಲೇ ಹಾಕಿದ್ದು ಎಂದು ಹನುಮಪ್ಪ ಹೇಳಿದ್ದಕ್ಕೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುರಿಯುವುದಕ್ಕೆಂದೇ ಸಾಮಾನು ಮಾಡುವವನನ್ನು ಆ ಊರು ಕಂಡಿರಲಿಲ್ಲ. ಗೌಡ ನಗಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಅಂದ:

"ನಿಮ್ಮಪ್ಪ ಮಾಡಿದ ಮಿಣಿ ಮೂರ ವರ್ಷ ತಾಳತಿತ್ತೋ ಹನುಮ. ನಿಂದು ಮೂರ ಸಾಲ ತಾಳವಲ್ದು."

ಆ ಮಾತು ಅವನ ಎದೆಗೆ ನಾಟಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಹಲ್ಲನ್ನು ಚೌಕಟ್ಟಿನ ಸಮೇತ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಅಂಗಡಿಗೆ ತಂದ. ನಾಲ್ಕು ಗಂಟೆಗೆ ಕರೆಂಟು ಬಂದದ್ದೇ ತಡ, ಹಲ್ಲು ಚೌಕಟ್ಟು ಸೇರುವಲ್ಲಿ ಎರಡೂ ಬದಿಗೆ ನಾಲ್ಕು ಬೆರಳುದ್ದ ಬೆಸುಗೆ ಎಳೆದುಬಿಟ್ಟ. ಮೇಲೆ ಕರಿ ಬಣ್ಣ ಬಳಿದ. ತೆಳ್ಳನೆಯ ಬೋಲ್ಟನ್ನು ತೋರಿಕೆಗೆಂದು ಅದರ ತೂತಿನಲ್ಲಿ ಕೂರಿಸಿದ. ಏನು ಮಾಡಿದಿ ಅಂತ ಮರೆವ್ವ ಕೇಳಿದರೆ ಬಣ್ಣದ ಡಬ್ಬಿಯ ಮುಚ್ಚಳ ಬಡಿದು ಕೂರಿಸಿದ. ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿದ್ದ. ಊರ ಪಕ್ಕದ ಹೊಲದಲ್ಲಿ ಕಲ್ಲಿಲ್ಲ. ಅಲ್ಲಿ ಎರಡು ದಿನ ಮುರಿಯದೆ ಓಡಲಿ, ಜನರ ಬಾಯಿ ಮುಚ್ಚಲಿ, ಆಮೇಲೆ ಬೆಸುಗೆ ಕಡಿದು ಸರಿಯಾದ ಬೋಲ್ಟು ಹಾಕಿದರಾಯಿತು. ಅವಮಾನವಾದವನ ಲೆಕ್ಕ ಯಾವತ್ತೂ ಹೀಗೇ ಇರುತ್ತದೆ, ಎಲ್ಲವೂ ತನ್ನ ಅನುಕೂಲಕ್ಕೆ ಕೂಡಿಬರುತ್ತದೆ.

ಮರುದಿನ ಬೆಳಿಗ್ಗೆ ಗೌರೀಶ ಬಂದು ಹಲ್ಲನ್ನು ಕಟ್ಟಿಕೊಂಡು ಹೋದ. ಒಂಬತ್ತರ ಸುಮಾರಿಗೆ ಚಹಾದಂಗಡಿಯ ಇಂದ್ರವ್ವ ಸುದ್ದಿ ಹೇಳಿದಳು. ಹಲ್ಲು ಇಂದು ಭಾಳ ಛಲೋ ನಡೆದಿದೆಯಂತೆ, ಒಮ್ಮೆಯೂ ಮುರಿದಿಲ್ಲವಂತೆ. ರಾಮದುರ್ಗದಿಂದ ವೀರಪ್ಪ ಅನ್ನುವ ದೊಡ್ಡ ರೈತರೊಬ್ಬರು ನೋಡಲು ಬಂದಿದ್ದಾರಂತೆ. ಅವರಿಗೆ ಅದರ ತಾಕತ್ತು ತೋರಿಸಬೇಕೆಂದು ಗೌಡ ಟ್ರ್ಯಾಕ್ಟರನ್ನು ಹಳ್ಳದ ದಂಡೆಯ ಹೊಲಕ್ಕೇ ಹೊಡೆಸಿಕೊಂಡು ಹೋದನಂತೆ, ನೋಡುವ ಜನರೂ ಬೆನ್ನುಹತ್ತಿದರಂತೆ.

ಹಳ್ಳದ ದಂಡೆಯ ಹೊಲ ಅಂದರೆ ಮೊಳ ಮಣ್ಣಿನ ಕೆಳಗೆ ಬರೀ ಬಂಡೆ.

ಹನುಮಪ್ಪನ ಕೈಯಲ್ಲಿದ್ದ ಚಹಾದ ಬಸಿ ಅಲ್ಲೇ ಬಿತ್ತು. ಯಾರದೋ ಸೈಕಲ್ಲು ನಿಂತಿತ್ತು, ಕೇಳದೆ ಹತ್ತಿದ. ಎರಡು ಮೈಲು ದಾರಿ. ತುಳಿಯುತ್ತ ತುಳಿಯುತ್ತ ಬಾಯಿ ಒಣಗಿತು. ಗೌರೀಶನಿಗೆ ಇಪ್ಪತ್ತಮೂರು ವರ್ಷ, ಆ ಯುಗಾದಿಗೆ ಮದುವೆಯಾಗಿದ್ದ, ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ದೇವರೇ, ಅವನು ಇನ್ನೂ ಸಾಲು ಹಿಡಿದಿರಬಾರದು, ಡೀಸೆಲ್ ಮುಗಿದಿರಲಿ, ಗಾಲಿ ಪಂಕ್ಚರ್ ಆಗಿರಲಿ, ಏನಾದರೂ ಆಗಿರಲಿ ಅಂತ ಬೇಡುತ್ತ ಹೋದ. ಗಾಡಿದಾರಿ ಮುಗಿದಲ್ಲಿ ಸೈಕಲ್ಲು ಬಿಸಾಕಿ ಹೆಂಟೆಗಳ ಮೇಲೆ ಓಡಿದ. ಎಡವಿ ಬಿದ್ದ, ಎದ್ದ, ಮೊಣಕಾಲು ತರಚಿದ್ದು ಅವನಿಗೆ ತಿಳಿಯಲಿಲ್ಲ.

ಟ್ರ್ಯಾಕ್ಟರು ಹೊಲದ ನಡುವೆ ಬರುತ್ತಿತ್ತು. ಹನುಮಪ್ಪ ಎರಡೂ ಕೈ ಎತ್ತಿ ಬೀಸಿದ, ಕೂಗಿದ. ಎಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಓಡಿಬಂದು ನೋಡುತ್ತಿದ್ದಾನೆ, ಖುಷಿಯಾಗಿದೆ ಅಂದುಕೊಂಡು ಗೌರೀಶನೂ ಒಂದು ಕೈ ಎತ್ತಿದ. ಅದೇ ಹೊತ್ತಿಗೆ ನೆಲದೊಳಗೆ ದಡ್ ಅಂತ ಸದ್ದಾಯಿತು. ಮುಂದಿನ ಎರಡೂ ಗಾಲಿ ಮಣ್ಣು ಬಿಟ್ಟು ಎದ್ದವು. ಮೊಣಕಾಲೆತ್ತರ, ಸೊಂಟದೆತ್ತರ, ಎದೆಯೆತ್ತರ. ಹಿಂದಿನ ಗಾಲಿಗಳು ಇನ್ನೂ ತಿರುಗಲು ಹೆಣಗುತ್ತಿದ್ದವು. ಹನುಮಪ್ಪ ಕಣ್ಣು ಮುಚ್ಚಿದ. ಯಾವ ಪುಣ್ಯವೋ, ಗೌರೀಶನ ಎಡಗಾಲು ತಾನಾಗಿ ಕ್ಲಚ್ಚನ್ನು ಒತ್ತಿಬಿಟ್ಟಿತ್ತು. ಟ್ರ್ಯಾಕ್ಟರಿನ ಮೂತಿ ಧೊಪ್ ಅಂತ ಕೆಳಗೆ ಬಿತ್ತು, ಎಂಜಿನ್ನು ಕೆಮ್ಮಿ ನಿಂತಿತು.

ಬದುವಿನ ಮೇಲಿದ್ದವರು ಹೋ ಅಂತ ಕೂಗಿದರು. ಹೆದರಿ ಅಲ್ಲ, ಮೆಚ್ಚಿ. ಬಂಡೆಗೆ ಬಡಿದರೂ ಹಲ್ಲು ಮುರಿಯಲಿಲ್ಲ, ನೋಡಿದಿರಾ ಅಂತ ಗೌಡ ಎಲ್ಲರ ಮುಖ ನೋಡುತ್ತಿದ್ದ. ದೂರದಿಂದ ನೋಡುವವರಿಗೆ ಅದೊಂದು ಆಟದಂತೆ ಕಂಡಿತ್ತು. ವೀರಪ್ಪ ಹನುಮಪ್ಪನ ಹತ್ತಿರವೇ ಬಂದು, ತಮಗೂ ಇಂಥವೇ ಎರಡು ಬೇಕು, ರಾಮದುರ್ಗದ ಕಡೆ ಇನ್ನೂ ಹತ್ತು ಮಂದಿ ಕೇಳುತ್ತಾರೆ ಅಂದರು. ಗೌಡ ಅವನ ಬೆನ್ನು ತಟ್ಟಿದ. ಆ ಕೈ ಅವನ ಮೈ ಮುಟ್ಟಿದ್ದು ಅದೇ ಮೊದಲು. ಹನುಮಪ್ಪ ಹತ್ತು ವರ್ಷ ಕಾದಿದ್ದು ಇದಕ್ಕೇ. ಸುಮ್ಮನಿದ್ದರೆ ಸಾಕಿತ್ತು, ಸಂಜೆ ಬೆಸುಗೆ ಕಡಿದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಆದರೆ ಗೌಡ ಮಗನಿಗೆ ಇನ್ನೊಂದು ಸಾಲು ಹೊಡೆ ಅಂದ. ಗೌರೀಶ ಸೀಟಿನ ಮೇಲೇ ಕೂತಿದ್ದ. ಮುಖದಲ್ಲಿ ರಕ್ತವಿರಲಿಲ್ಲ. ಆಕಾಶ ಎದುರಿಗೆ ಬಂದದ್ದನ್ನು ಕಂಡವನು ಅವನೊಬ್ಬನೇ. ಅಪ್ಪನ ಮಾತಿಗೆ ಎದುರಾಡಿ ಗೊತ್ತಿಲ್ಲದ ಹುಡುಗ ಕೈಯನ್ನು ಕೀಲಿಯ ಕಡೆ ಒಯ್ದ.

"ಬ್ಯಾಡ್ರಿ ಗೌಡ್ರ," ಅಂದ ಹನುಮಪ್ಪ. "ಅದನ್ನ ನಾ ಬೆಸದ ಬಿಟ್ಟೇನ್ರಿ. ಬೋಲ್ಟ್ ಬರೇ ತೋರಿಕಿಗೆ ಐತಿ. ಈಗ ಸಣ್ಣಗೌಡ್ರು ಸಾಯತಿದ್ರು."

ಬೆನ್ನ ಮೇಲೆ ಇನ್ನೂ ಇದ್ದ ಗೌಡನ ಕೈ ಇಳಿಯಿತು.

"ಗೊತ್ತಿದ್ದೂ ಮಾಡಿದಿ?"

"ಗೊತ್ತಿದ್ದೂ ಮಾಡೇನ್ರಿ. ಮುರಿದಿದ್ದಕ್ಕ ನಾಚಿಕಿ ಆಗಿತ್ರಿ."

ಗೌಡ ಹೊಡೆಯುತ್ತಾನೆ ಅಂತಲೇ ಎಲ್ಲರೂ ಅಂದುಕೊಂಡರು. ಕೈ ಮೇಲೆದ್ದಿತ್ತು ಕೂಡ. ಮಗನ ಕಡೆ ಒಮ್ಮೆ ನೋಡಿದ, ಆ ಬಿಳುಚಿದ ಮುಖ ಆಗಲೇ ಅವನಿಗೆ ಕಂಡದ್ದು; ಎತ್ತಿದ ಕೈಯನ್ನು ಬದುವಿಗೆ ಊರಿ ಕೂತುಬಿಟ್ಟ. ವೀರಪ್ಪ ಪಂಚೆ ಕೊಡವಿಕೊಂಡು ಮೋಟರ್‌ಸೈಕಲ್ಲಿನ ಕಡೆ ನಡೆದರು. ತಾವು ಕೇಳಿದ್ದ ಎರಡು ಹಲ್ಲಿನ ಮಾತು ಎತ್ತಲಿಲ್ಲ, ತಿರುಗಿ ನೋಡಲೂ ಇಲ್ಲ.

ಹನುಮಪ್ಪ ಟ್ರ್ಯಾಕ್ಟರಿನ ಪೆಟ್ಟಿಗೆಯಿಂದ ಕಬ್ಬಿಣ ಕಡಿಯುವ ಚಾಣ, ದೊಡ್ಡ ಸುತ್ತಿಗೆ ತೆಗೆದು ಹಲ್ಲಿನ ಬಳಿ ಕೂತ. ಅಂಥ ಬೆಸುಗೆಯನ್ನು ಒಬ್ಬನೇ ಕಡಿಯಲು ಬರುವುದಿಲ್ಲ. ಒಬ್ಬ ಚಾಣ ಹಿಡಿಯಬೇಕು, ಇನ್ನೊಬ್ಬ ಎತ್ತಿ ಹೊಡೆಯಬೇಕು. ಏಟು ಅರ್ಧ ಇಂಚು ತಪ್ಪಿದರೆ ಹಿಡಿದವನ ಬೆರಳು ಉಳಿಯುವುದಿಲ್ಲ. ಇವನ ಏಟಿಗೆ ಇನ್ನು ಯಾರು ಕೈ ಒಡ್ಡುತ್ತಾರೆ? ಬದುವಿನ ಮೇಲಿನ ಜನ ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು.

ಗೌರೀಶ ಸೀಟಿನಿಂದ ಇಳಿದ. ಆಮೇಲೆ ಬಂದು ಹನುಮಪ್ಪನ ಎದುರಿಗೆ ಮೊಣಕಾಲೂರಿ ಕೂತು, ಚಾಣವನ್ನು ಬೆಸುಗೆಯ ಮೇಲಿಟ್ಟು, ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದ.

"ಹೊಡಿ, ಹನುಮಪ್ಪಣ್ಣ," ಅಂದ.

ಹನುಮಪ್ಪ ಸುತ್ತಿಗೆ ಎತ್ತಿದ. ಮೊದಲ ಏಟು ಹೊಡೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು.