ಇವರಿಗೆಂದು ಬೆರೆಸಿದ ರಸ

ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಇವರ ಹೊಗಳಿಕೆಯೇ. 'ಎಷ್ಟು ಸೇದ್ತಿದ್ರು, ಒಂದು ಸಲ ಮಾಲೆ ಹಾಕಿದ್ದೇ ಪೂರ್ತಿ ಬಿಟ್ರು ನೋಡಿ!' ಇವರು ಎಂದರೆ ನನ್ನ ಗಂಡ. ಹೊಗಳಲಿ, ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಇವರು ಬಿಡುವ ಹೊತ್ತಿಗೆ ಅದು ನನ್ನನ್ನು ಹಿಡಿದಿತ್ತು ಎನ್ನುವುದು ಹೊಗಳುವವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನಗೆ ಅದರಿಂದ ಬಿಡಿಸಿಕೊಳ್ಳಬೇಕಾಗಿದೆ. ಇದನ್ನು ಬರೆಯುತ್ತಿರುವ ಈ ಹೊತ್ತಿಗೂ ನನಗೆ ಬೇಕಾಗಿರುವುದು ಅದೊಂದೇ.

ನಾವಿರುವುದು ಸಿರಸಿ ಪೇಟೆಯ ಒಂದು ಹಳೆಯ ಮನೆಯ ಮಹಡಿಯಲ್ಲಿ. ಇವರದು ಸ್ವಂತ ಟೆಂಪೋ. ಯಲ್ಲಾಪುರ, ಹುಬ್ಬಳ್ಳಿ, ಕೆಲವೊಮ್ಮೆ ಅರಬೈಲ್ ಘಾಟಿ ಇಳಿದು ಅಂಕೋಲೆ, ಅಲ್ಲಿಂದ ಗೋವೆಯವರೆಗೆ ಲೋಡು ಒಯ್ಯುತ್ತಾರೆ. ನಾನು ಅಡುಗೆಮನೆಯಲ್ಲೇ ಹುಟ್ಟುಹಬ್ಬದ ಕೇಕು ಮಾಡಿಕೊಡುತ್ತೇನೆ. ಇವರು ಬನವಾಸಿ ಕಡೆಯವರು, ನಾನು ಸಿದ್ದಾಪುರದವಳು. ನಾನು 'ಎಂತ' ಎಂದರೆ ಅತ್ತೆ 'ಎಂತ ಅಲ್ಲವ್ವಾ, ಏನ ಅನ್ನು' ಎಂದು ಮದುವೆಯಾದ ಲಾಗಾಯ್ತು ತಿದ್ದುತ್ತಲೇ ಇದ್ದಾರೆ. ನಾನು ತಿದ್ದಿಕೊಂಡಿಲ್ಲ, ಅವರು ತಿದ್ದುವುದು ಬಿಟ್ಟಿಲ್ಲ.

ಇವರು ಮೊದಲು ಸಿಗರೇಟಿನವರು. ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಂಡಾಗ ಹುಬ್ಬಳ್ಳಿಯ ಡಾಕ್ಟರು ಹೆದರಿಸಿ ಕಳಿಸಿದರು. ಆಗ ಇವರು ಮಾಡಿದ ಬುದ್ಧಿವಂತಿಕೆಯೆಂದರೆ ಗೋವೆಯ ಪರಿಚಯದವರೊಬ್ಬರಿಂದ ವೇಪ್ ಎಂಬ ಬ್ಯಾಟರಿ ಸಿಗರೇಟು ತರಿಸಿಕೊಂಡದ್ದು. ಅದನ್ನು ಮಾರುವುದೇ ನಿಷೇಧ ಎಂದು ಪೇಪರಿನಲ್ಲಿ ಓದಿದ್ದ ನಾನು ಬೇಡ ಎಂದೆ. 'ಹೊಗಿ ಅಲ್ಲ ಅದು, ಬರೇ ಉಗಿ' ಎಂದರು. ಅತ್ತೆಗೆ ಮಾತ್ರ ಗಂಟಲಿಗೆ ಉಗಿ ಹಿಡಿಯುವ ಔಷಧದ ಮಶಿನ್ನು ಎಂದು ಹೇಳಿದ್ದಾಯಿತು. ಅವರು ನಂಬಿದರು. ಮಗ ಹೇಳಿದ್ದನ್ನು ನಂಬುವುದರಲ್ಲಿ ಅವರನ್ನು ಮೀರಿಸುವವರಿಲ್ಲ.

ಸ್ವಲ್ಪ ಕಾಲದ ಮೇಲೆ, ಅದಕ್ಕೆ ತುಂಬಲು ಗೋವೆಯಿಂದ ಬರುತ್ತಿದ್ದ ತಯಾರಿ ಲಿಕ್ವಿಡ್ಡಿನ ಬಾಟಲಿಗಳು ನಿಂತವು. ಏನೂ ಬೆರೆಸದ ಕಡು ನಿಕೋಟಿನ್ ಬಾಟಲಿ ಮಾತ್ರ ಸಿಗುತ್ತದೆ, ಉಳಿದದ್ದನ್ನು ಬೆರೆಸಿಕೊಳ್ಳಬೇಕು ಎಂದರಂತೆ. ಇವರು ಸೀದಾ ಅಡುಗೆಮನೆಗೆ ಬಂದು ನನ್ನ ಗ್ಲಿಸರಿನ್ ಬಾಟಲಿ ಎತ್ತಿ ಹಿಡಿದರು. ಐಸಿಂಗು ಒಣಗಿ ಬಿರಿಯದಿರಲೆಂದು ನಾನು ನಾಲ್ಕು ಹನಿ ಹಾಕುವ ಗ್ಲಿಸರಿನ್ ಅದು.

"ಇದ ಬೇಕಂತ ನೋಡು ಅದಕ್ಕ. ಎಸೆನ್ಸ್ ನಿನ್ನ ಹತ್ರ ಐತಿ, ತೂಕದ ಯಂತ್ರ ಐತಿ. ನೀನ ಮಾಡಿಕೊಡು."

"ನನ್ನತ್ರ ಆಗೂದಿಲ್ಲ. ವಿಷ ಅದು."

"ಆತು ಬಿಡು. ಅಂಗಡ್ಯಾಗ ಸಿಗರೇಟ ಇನ್ನೂ ಸಿಗತೈತಿ."

ಅತ್ತ ದರಿ, ಇತ್ತ ಪುಲಿ. ಮಾಡಿಕೊಟ್ಟರೆ ನನ್ನ ಕೈಯಾರೆ ಕೊಟ್ಟ ಹಾಗೆ, ಕೊಡದಿದ್ದರೆ ಆ ಬಿಳಿ ಮಚ್ಚೆಗೆ ಸಿಗರೇಟು ಹಚ್ಚಿದ ಹಾಗೆ. ಮಾಡಿಕೊಟ್ಟೆ. ಕೈಗೆ ಗವಸು ಹಾಕಿ, ಕಿಟಕಿ ತೆರೆದಿಟ್ಟು, ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ಬೆರೆಸಿದೆ. ಅದಕ್ಕೆಂದೇ ಬೇರೆ ಲೋಟ, ಬೇರೆ ಚಮಚ ಇಟ್ಟು ಮೇಲಿನ ಗೂಡಿನಲ್ಲಿ ಮುಚ್ಚಿಟ್ಟೆ. ಅತ್ತೆ ಪಕ್ಕದ ಮನೆಯವರಿಗೆ 'ನಮ್ಮ ಸೊಸಿ ಗಂಡಗ ಕೈಯಾರೆ ಔಷಧ ಮಾಡ್ತಾಳ್ರಿ' ಎಂದು ಹೇಳಿಕೊಂಡು ಬಂದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಮೈದಾ ಜರಡಿ ಹಿಡಿದೆ.

ಮೊದಲು ವೆನಿಲ್ಲಾ ಹಾಕಿದೆ. ಯಲ್ಲಾಪುರದಲ್ಲಿ ಲೋಡು ಇಳಿಸುವವರು 'ಏನ್ರೀ ಸಾಹುಕಾರ್ರ, ಬಾಯಾಗ ಬೇಕರಿ ಇಟ್ಟೀರೇನ್ರಿ' ಎಂದು ಹಾಸ್ಯ ಮಾಡಿದರಂತೆ. ಇವರಿಗೆ ಸಿಟ್ಟು. "ಆಲೆಮನಿ ವಾಸನಿ ಬರೂ ಹಂಗ ಮಾಡು" ಎಂದು ಅಪ್ಪಣೆಯಾಯಿತು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಬೆಲ್ಲವಾಗುವ ಆ ವಾಸನೆಗೆ ಮನಸೋಲದವರು ನಮ್ಮ ಕಡೆ ಯಾರಿದ್ದಾರೆ? ತವರಿನಿಂದ ಬಂದ, ಜೇನಿನ ಹಾಗೆ ಸುರಿಯುವ ಜೋನಿಬೆಲ್ಲ ಮನೆಯಲ್ಲಿತ್ತು. ನಮಗೆ ಜೋನಿಬೆಲ್ಲ ಎಂದರೆ ದೋಸೆಗೂ ಅದೇ, ಕೆಮ್ಮಿಗೂ ಅದೇ. ಕೇಕಿಗೆ ಹಾಕಿದಾಗಲೂ ಕೆಟ್ಟದ್ದಿಲ್ಲ. ತೆಳು ಬಟ್ಟೆಯಲ್ಲಿ ಸೋಸಿ ಒಂದು ಚಮಚ ಬೆರೆಸಿಬಿಟ್ಟೆ. ಸಕ್ಕರೆಯ ಅಂಶ ಆ ಯಂತ್ರದ ಪುಟ್ಟ ತಂತಿಯ ಮೇಲೆ ಸುಟ್ಟು ಕರಕಲಾಗುತ್ತದೆ ಎಂದು ನನಗೆ ಯಾವ ವಿಡಿಯೋದವನೂ ಹೇಳಿರಲಿಲ್ಲ. ಅವರ ಊರಿನಲ್ಲಿ ಜೋನಿಬೆಲ್ಲ ಇದ್ದರಲ್ಲವೇ ಹೇಳುವುದು!

ಮರುದಿನ ಇವರು ಅರಬೈಲ್ ಘಾಟಿ ಇಳಿಯುತ್ತಾ ಒಂದು ದಮ್ಮು ಎಳೆದರಂತೆ. ತಳ ಹತ್ತಿದ ಪಾಯಸದ ಹೊಗೆ ಗಂಟಲಿಗೆ ಅಡರಿ, ಕೆಮ್ಮು ಬಂದು, ಕಣ್ಣು ತುಂಬಿ, ಟೆಂಪೋ ಗುಡ್ಡದ ಬದಿಯ ಗಟಾರಕ್ಕೆ ಹೋಗಿ ನಿಂತಿತು. ಕಣಿವೆಯ ಬದಿಗೆ ಹೋಗಿದ್ದರೆ ಈ ಕಥೆಯೇ ಬೇರೆ. ಬಂಪರು ನಜ್ಜುಗುಜ್ಜು ಮಾಡಿಕೊಂಡು ಮನೆಗೆ ಬಂದವರು ಮೆಟ್ಟಿಲ ಮೇಲಿಂದಲೇ ಕೂಗಾಡಿದರು.

"ಸಾರಿಗೆ ಉಪ್ಪ ನೋಡ್ತಿ, ಕೇಕಿಗೆ ಸಕ್ರಿ ನೋಡ್ತಿ. ನಾ ಸೇದೂದನ್ನ ನೋಡಿ ಕೊಡಾಕ ನಿನಗೇನ ಧಾಡಿ? ಇನ್ ಮ್ಯಾಲೆ ರುಚಿ ನೋಡದ ಕೊಟ್ಟಿ ಅಂದ್ರ ನೋಡು!"

ಹೆದರಿದ್ದೆ. ಸತ್ತು ಹೋಗುತ್ತಿದ್ದರಲ್ಲ ಎಂಬ ಹೆದರಿಕೆಯಲ್ಲಿ ಯಾರು ಏನು ಹೇಳಿದರೂ ಹೂಂ ಎನ್ನುತ್ತಿದ್ದೆ. ಅಂದಿನಿಂದ ಪ್ರತಿ ಬಾಟಲಿಯ ರುಚಿ ನೋಡತೊಡಗಿದೆ. ಇವರು ಹೊಸ ವೇಪ್ ತಂದುಕೊಂಡರು, ಬೆಲ್ಲ ಹತ್ತಿದ ಹಳೆಯದನ್ನು ನಾನು ತಿಕ್ಕಿ ತೊಳೆದು, ತಂತಿ ಬದಲಿಸಿ, ರುಚಿ ನೋಡಲಿಕ್ಕೆಂದು ಇಟ್ಟುಕೊಂಡೆ. ಮೊದಲ ಸಲ ತಲೆ ಗಿರ್ರೆಂದು ಅಡುಗೆಮನೆಯ ನೆಲದಲ್ಲಿ ಕುಳಿತೆ. ಇನ್ನೊಂದು ಸಲ ಬಿಕ್ಕಳಿಕೆ ಬಂತು. ಆಮೇಲೆ ಏನೂ ಬರಲಿಲ್ಲ, ಹಿತವಾಯಿತು. ಅಡಗಿಸುವುದೇಕೆ, ಬಹಳ ಹಿತವಾಯಿತು. ಅತ್ತೆಯ ಮಾತು ದೂರದಲ್ಲಿ ಆಡಿದಂತೆ ಕೇಳಿತು, ಕೇಕಿನ ಮೇಲೆ ಹೂ ಬಿಡಿಸುವ ಕೈ ಚೂರೂ ಅಲುಗಲಿಲ್ಲ. ಉಪ್ಪು ನೋಡುವವಳು ಅಂಗೈಗೆ ಒಂದು ಹನಿ ಬಿಟ್ಟುಕೊಳ್ಳುತ್ತಾಳೆ, ಪಾತ್ರೆ ಎತ್ತಿ ಕುಡಿಯುವುದಿಲ್ಲ. ನಾನು ಪಾತ್ರೆ ಎತ್ತಿದ್ದು ಯಾವಾಗ ಎಂದು ನನಗೇ ಗೊತ್ತಾಗಲಿಲ್ಲ. ಬೆರೆಸಲು ಏನೂ ಇಲ್ಲದ ದಿನವೂ ರುಚಿ ನೋಡುತ್ತಿದ್ದೆ.

ಆ ವರ್ಷ ಕಾರ್ತಿಕದಲ್ಲಿ ಇವರು ಅಯ್ಯಪ್ಪನ ಮಾಲೆ ಹಾಕುತ್ತೇನೆ ಎಂದರು. ಘಾಟಿಯಲ್ಲಿ ಉಳಿದ ಜೀವಕ್ಕೆ ಹೊತ್ತ ಹರಕೆ. ಕಪ್ಪು ಪಂಚೆ ಉಟ್ಟು, ಚಪ್ಪಲಿ ಬಿಟ್ಟು, ವೇಪನ್ನು ಒಂದು ವಸ್ತ್ರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಮಾಲೆ ಹಾಕಿದವರನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಎಲ್ಲರಿಗೂ ಅವರು ಸ್ವಾಮಿಯೇ. ಹೆತ್ತ ತಾಯಿಯೇ ಮಗನಿಗೆ 'ಸ್ವಾಮಿ, ಊಟಕ್ಕ ಬರ್ರಿ' ಎನ್ನುವುದನ್ನು ಕೇಳಿ ನನಗೆ ಒಳಗೊಳಗೇ ನಗು. ಜೊತೆಗೆ ಖುಷಿಯೂ ಆಗಿತ್ತು. ಇವರ ನೆಪದಲ್ಲಿ ಹತ್ತಿದ್ದು ಇವರ ನೆಪದಲ್ಲೇ ಬಿಟ್ಟುಹೋಗಲಿ ಎಂದುಕೊಂಡು ನನ್ನದನ್ನೂ ಅದೇ ವಸ್ತ್ರದಲ್ಲಿ ಸುತ್ತಿಟ್ಟೆ.

ಮಾಲೆಯ ಮನೆಯಲ್ಲಿ ಅಡುಗೆ ಮಡಿಯದು. ದೇವರ ಪಟದ ಮುಂದೆ ನೈವೇದ್ಯವಾಗುವ ತನಕ ನಾಲಿಗೆಗೆ ಒಂದು ಅಗುಳು ಸೋಕಿಸುವಂತಿಲ್ಲ, ಉಪ್ಪನ್ನೂ ನೋಡುವಂತಿಲ್ಲ. ನನಗೋ ತಲೆ ಸಿಡಿಯುತ್ತಿತ್ತು. ಎಂತ ಹಾಕಿದೆ, ಎಂತ ಬಿಟ್ಟೆ ನೆನಪಿಲ್ಲ. ಒಂದು ದಿನ ಸಾರಿಗೆ ಉಪ್ಪು ಮತ್ತೆ ಮತ್ತೆ ಬಿದ್ದಿತ್ತು. ಸ್ವಾಮಿ ಪ್ರಸಾದವೆಂದು ಮುಖ ಕಿವುಚದೆ ಉಂಡರು, ಅತ್ತೆ ಮಾತ್ರ ನನ್ನನ್ನು ನುಂಗುವ ಹಾಗೆ ನೋಡಿದರು. ಕೇಕಿನ ಮೇಲೆ ಮಗುವೊಂದರ ಹೆಸರು ಬರೆಯುವಾಗ ಅಕ್ಷರ ಕೆಟ್ಟು, ಕೆರೆದು ಮತ್ತೆ ಬರೆದೆ. ಸಣ್ಣದಕ್ಕೆಲ್ಲ ರೇಗುತ್ತಿದ್ದೆ, ಆಮೇಲೆ ಅಳುತ್ತಿದ್ದೆ. ಕಡೆಗೆ ತಡೆಯಲಾಗಲಿಲ್ಲ. ಬಚ್ಚಲಲ್ಲಿ ಹಂಡೆಯ ನೀರು ಕುದಿಯುವಾಗ ಹೊಗೆಯಲ್ಲಿ ಹೊಗೆ, ಉಗಿಯಲ್ಲಿ ಉಗಿ, ಯಾರಿಗೂ ತಿಳಿಯುವುದಿಲ್ಲವೆಂದು ಬಾಗಿಲು ಹಾಕಿ ಸೇದಿದೆ. ಸೇದಿ, ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಕೂದಲಲ್ಲೇ ಮಡಿ ಅಡುಗೆಗೆ ನಿಂತೆ. ದೇವರ ಹೆದರಿಕೆ ನನಗೆ ನಿಜವಾಗಿ ಇದೆ. ಆ ದಿನಗಳಲ್ಲಿ ಪಟದ ಕಡೆ ತಲೆ ಎತ್ತಿ ನೋಡಲಿಲ್ಲ.

ಇವರು ಶಬರಿಮಲೆಗೆ ಹೋಗಿ ಬಂದರು. ಮಾಲೆ ತೆಗೆದ ಮೇಲೆ ಮತ್ತೆ ಹಿಡಿಯುತ್ತಾರೆ, ಆಗ ಬೆರೆಸುವ ನೆಪವಾದರೂ ಉಳಿಯುತ್ತದೆ ಎಂದು ನಾನು ಕಾದಿದ್ದೆ. ಇಂಥದ್ದಕ್ಕೆ ಕಾಯುವ ಹೆಂಡತಿ ಎಲ್ಲಾದರೂ ಇದ್ದಾಳೆಯೇ? ಇವರು ಹಿಡಿಯಲಿಲ್ಲ. ಪ್ರಸಾದಕ್ಕೆ ಬಂದವರಿಗೆಲ್ಲ ಎದೆ ಮುಂದೆ ಮಾಡಿ ಹೇಳಿದರು, "ಮನಸ್ಸ ಗಟ್ಟಿ ಇರಬೇಕ್ರಿ, ಅಷ್ಟ. ಬಿಡಾಕ ಆಗೂದಿಲ್ಲ ಅನ್ನಾವ ಮನಶ್ಯಾನ ಅಲ್ಲ." ಅವರೆಲ್ಲರ ಕೈಗೆ ಶಬರಿಮಲೆಯಿಂದ ತಂದ ಅರವಣ ಪಾಯಸ ಬಡಿಸುತ್ತಾ ನಾನು ಅಲ್ಲೇ ನಿಂತಿದ್ದೆ.

ಗೂಡಿನ ಬಾಟಲಿ ತಳ ಕಂಡಾಗ ಒಬ್ಬಳೇ ಸರಕಾರಿ ಆಸ್ಪತ್ರೆಗೆ ಹೋದೆ. ತಂಬಾಕು ಬಿಡಿಸುವವರು ಅಲ್ಲಿ ಒಂದು ಕೋಣೆಯಲ್ಲಿ ಕೂರುತ್ತಾರೆ ಎಂದು ಕೇಳಿದ್ದೆ. ಚೀಟಿಯ ಸಾಲಿನಲ್ಲಿ ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಕೆಳಗಿನ ಮನೆಯಾಕೆ, ನನ್ನ ಕೈಯ ಕೇಕಿಲ್ಲದೆ ಅವರ ಮನೆಯ ಯಾವ ಹುಟ್ಟುಹಬ್ಬವೂ ಆಗುವುದಿಲ್ಲ. "ಎಂತ ಆಯ್ತೇ? ಒಬ್ಳೇ ಬಂದಿದೀಯಲ್ಲೇ?" ಎಂದರು. ಬಾಯಿಗೆ ಬಂದದ್ದು ಬಿ.ಪಿ. ಎಂದು. ಅವರೇ ಕೈ ಹಿಡಿದು ಕರೆದುಕೊಂಡು ಹೋಗಿ ಬಿ.ಪಿ. ನೋಡಿಸಿದರು, ಮನೆಯ ತನಕ ಜೊತೆಗೇ ಬಂದರು. ನೋಡಿದರೆ ಬಿ.ಪಿ. ನಿಜವಾಗಿಯೂ ಹೆಚ್ಚಿತ್ತು.

ಅತ್ತೆ ಮಠಕ್ಕೆ ಹೋಗಿದ್ದ ಒಂದು ಮಧ್ಯಾಹ್ನ ಇವರು ಉಣ್ಣುತ್ತಿದ್ದಾಗ ಹೇಳಿಬಿಟ್ಟೆ. "ನಾನು ಸೇದ್ತೀನಿ. ಬಿಡ್ಲಿಕ್ಕೆ ಆಗ್ತಾ ಇಲ್ಲ." ನಕ್ಕರು. ಹಳೆಯ ವೇಪ್ ತಂದು ತಟ್ಟೆಯ ಪಕ್ಕ ಇಟ್ಟೆ. ನಗು ನಿಂತಿತು. ತಟ್ಟೆಯಲ್ಲೇ ಕೈ ತೊಳೆದರು. ಯಾವಾಗಿನಿಂದ, ಎಷ್ಟು, ಯಾಕೆ ಎಂದು ಕೇಳಬಹುದೆಂದು ನಾನು ಉತ್ತರ ಹೊಂದಿಸಿಕೊಂಡಿದ್ದೆ.

"ಯಾರ್ಯಾರಿಗೆ ಗೊತ್ತೈತಿ?" ಎಂದರು.

"ಯಾರಿಗೂ ಇಲ್ಲ. ನೀವು ನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇಲ್ಲಿ ಬ್ಯಾಡ ಅಂದ್ರೆ ಹುಬ್ಬಳ್ಳಿಗೆ."

"ಗಂಡಸರ ಸಾಲಿನ್ಯಾಗ ಕುಂದ್ರತಿಯೇನ? ಹೆಸರ ಹಿಡದ ಕೂಗ್ತಾರ ಅಲ್ಲಿ. ಹುಬ್ಬಳ್ಳಿ ತುಂಬ ನನ್ನ ಗುರ್ತಿನಾವ್ರ ಅದಾರ."

"ರುಚಿ ನೋಡು ಅಂದಿದ್ದು ಯಾರು?"

"ನೋಡು ಅಂದೆ. ಚಟಾ ಮಾಡ್ಕೋ ಅಂದ್ನೇನ?" ಎಂದು ಎದ್ದರು. ಬಾಗಿಲ ಹತ್ತಿರ ಹೋಗಿ ತಿರುಗಿದರು. "ಮನಸ್ಸ ಗಟ್ಟಿ ಮಾಡ್ಕೋ."

ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಮನಸ್ಸು ಗಟ್ಟಿ ಮಾಡಿಕೊಂಡೆ. ಬೆಳಗ್ಗೆ ಮಾಡಿಕೊಂಡದ್ದು ಸಂಜೆಗೆ ಕರಗಿತು, ಮತ್ತೆ ಮಾಡಿಕೊಂಡೆ. ಬಾಟಲಿ ಬರಿದಾಗಿತ್ತು. ಕುಳಿತಲ್ಲಿ ಕೂರಲಾಗದೆ ಮನೆಯೊಳಗೇ ಸುತ್ತುತ್ತಿದ್ದೆ, ಕೇಕಿನ ಆರ್ಡರುಗಳನ್ನು ಬೇಡವೆಂದೆ, ಅತ್ತೆಗೆ ಎದುರು ಮಾತಾಡಿದೆ. ಸೊಸೆಗೆ ಗಾಳಿ ಸೋಕಿದೆ, ತಾಯಿತ ಕಟ್ಟಿಸಬೇಕು ಎಂದು ಅವರು ಮಗನಿಗೆ ಹೇಳಿದ್ದು ನನಗೆ ಕೇಳಿಸಿತು. ಇವರು ಟೆಂಪೋದ ಕೀಲಿ ತೆಗೆದುಕೊಂಡು ಮೆಟ್ಟಿಲಿಳಿದರು.

ಗೋವೆಯ ಲೋಡು ಇಳಿಸಿ ಬಂದ ದಿನ ಇವರು ಅಡುಗೆಮನೆಗೆ ಬಂದರು. ಪೇಪರಿನಲ್ಲಿ ಸುತ್ತಿದ್ದ ಬಾಟಲಿಯೊಂದನ್ನು ಮೈದಾ ಡಬ್ಬಿಯ ಮೇಲೆ ಇಟ್ಟರು.

"ದೊಡ್ಡದ ತಂದೇನಿ. ಬಾಳ ದಿನ ಬರತೈತಿ. ಬೇಕಾದಾಗ ಒಳಗ ಬಾಗಲಾ ಹಾಕ್ಕೊಂಡ ಸೇದು. ಹೊರಗ ಮಾತ್ರ ಗೊತ್ತಾಗಬಾರ್ದ, ಆತಿಲ್ಲೋ?"

ಬೈಯುವ ದನಿಯಲ್ಲ ಅದು. ಮೆತ್ತಗೆ ಹೇಳಿದರು, ನನ್ನ ಸಂಕಟ ನೋಡಲಾರದೆ ತಂದಿದ್ದರು. ಅದನ್ನೆತ್ತಿ ಬಚ್ಚಲಿಗೆ ಸುರಿಯಬೇಕಿತ್ತು ಎಂದು ನನಗೂ ಗೊತ್ತು. ನನ್ನ ಕೈ ಆಗಲೇ ಗವಸು ಹುಡುಕುತ್ತಿತ್ತು.

ಕೋಣೆಯ ಬಾಗಿಲು ಹಾಕಿಕೊಂಡು ಮಂಚದ ಅಂಚಿನಲ್ಲಿ ಕುಳಿತೆ. ಒಂದು ದಮ್ಮು ಎಳೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಕೆಳಗಿನ ಮನೆಯಾಕೆಯ ದನಿ. ನನ್ನ ಬಿ.ಪಿ. ಹೇಗಿದೆ ಎಂದು ವಿಚಾರಿಸಲು ಬಂದಿದ್ದರು. ಮತ್ತೆ ಆಸ್ಪತ್ರೆಗೆ ಹೋಗುವುದಿದ್ದರೆ ನಾಳೆ ತಾನೂ ಹೋಗುತ್ತಿದ್ದೇನೆ, ಜೊತೆಗೆ ಕರೆದುಕೊಂಡು ಹೋಗುತ್ತೇನೆ ಎಂದರು.

"ಈಗ ಆರಾಮ ಅದಾಳ್ರಿ. ಆಸ್ಪತ್ರಿ ಏನ ಬ್ಯಾಡ. ಮಲಗ್ಯಾಳ, ಎಬ್ಬಸೂದ ಬ್ಯಾಡ" ಎಂದು ಬಾಗಿಲಲ್ಲೇ ನಿಂತು ಇವರು ಹೇಳಿದರು.

ಎದ್ದು ಹೋಗಿ ಇಲ್ಲ, ನಾನು ಬರ್ತೀನಿ ಎನ್ನಬಹುದಿತ್ತು. ಬಾಯಿ ತುಂಬ ಉಗಿಯಿತ್ತು. ಅವರು ಮೆಟ್ಟಿಲು ಇಳಿದು ಹೋಗುವ ತನಕ ನಾನು ಅದನ್ನು ಹೊರಗೆ ಬಿಡಲಿಲ್ಲ.