ಒಂದು ಇಲ್ಲದ ಎಣಿಕೆ

ಗೆಳೆಯರೇ, ಕೈಯಲ್ಲಿ ಮಾಡಿದ್ದೇ ಮಕ್ಕಳ ತಲೆಯಲ್ಲಿ ನಿಲ್ಲುತ್ತದೆ ಎಂದು ಟ್ರೈನಿಂಗ್ ಶಾಲೆಯಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದರಲ್ಲ, ಅದು ಇವತ್ತು ನನ್ನ ಕೆಲಸಕ್ಕೇ ಕುತ್ತು ತರುವುದರಲ್ಲಿತ್ತು.

ಎಣಿಕೆ ಕಲಿಸಲು ನಾನು ಬಾಯಿಪಾಠ ಬಿಡಿಸಿ, ಮಕ್ಕಳ ಕೈಗೆ ಅಳೆಯುವ ಸೇರನ್ನೂ ರಾಗಿಯನ್ನೂ ಕೊಟ್ಟಿದ್ದೇನೆ. ಬೆಳಿಗ್ಗೆ ಕೊರಟಗೆರೆಯಿಂದ ಜಟಕಾದಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬಂದಿಳಿದರು. ಎರಡನೇ ತರಗತಿಯ ನಿಂಗಿಯನ್ನು ಎಬ್ಬಿಸಿ, "ಎಲ್ಲಿ, ಎಣಿಸು" ಎಂದರು. ಅವಳು ರಾಗಿ ಅಳೆದು ಹಾಕುತ್ತ, "ಲಾಭ, ಎರಡು, ಮೂರು" ಎಂದಳು.

"ಒಂದು ಎಲ್ಲಿ ಹೋಯಿತು?"

"ಕಾಳು ಅಳೆಯುವಾಗ ಮೊದಲ್ನೇದಕ್ಕೆ ಲಾಭ ಅನ್ಬೇಕು ಸ್ವಾಮಿ. ಒಂದು ಅಂದ್ಬುಟ್ರೆ ಮನೇಲಿ ಕಾಳು ನಿಲ್ಲಾಕಿಲ್ಲ ಅಂತಾಳೆ ನಮ್ಮವ್ವ."

ಸಾಹೇಬರ ಮುಖ ಕೆಂಪಾಯಿತು. "ಏನ್ರೀ ಮೇಷ್ಟ್ರೇ, ಇದೇನಾ ನಿಮ್ಮ ಹೊಸ ಪದ್ಧತಿ? ಇದು ಶಾಲೆಯೋ, ಕಣವೋ?" ಎಂದವರೇ ವಿಸಿಟ್ ಪುಸ್ತಕದಲ್ಲಿ ಅರ್ಧ ಪುಟ ಗೀಚಿದರು. ಅದನ್ನು ಓದುವ ಧೈರ್ಯ ನನಗಾಗಲಿಲ್ಲ.

ಹೊರಡುವಾಗ ಅವರಿಗೆ ಅವರೆಕಾಳು ಬೇಕೆನಿಸಿತು. ನಿಂಗಿಯ ಮನೆಗೇ ಕರೆದುಕೊಂಡು ಹೋದೆ. ಅವಳವ್ವನ ಅಳತೆಯ ಮೇಲೆ ನಂಬಿಕೆ ಸಾಲದೆ ಸಾಹೇಬರು ತಾವೇ ಸೇರು ಹಿಡಿದರು. ಗೋಪುರದ ಹಾಗೆ ತುಂಬಿ, ಚೀಲಕ್ಕೆ ಸುರಿದು, ಗಟ್ಟಿಯಾಗಿ ಅಂದರು: "ಲಾಭ!"

ನಿಂಗಿ ಕಣ್ಣರಳಿಸಿ ನನ್ನ ಕಡೆ ತಿರುಗಿದಳು. "ಇವ್ರಿಗೂ ನೀವೇ ಕಲ್ಸಿದ್ರಾ ಮೇಷ್ಟ್ರೇ?"

ಸೇರು ಹಿಡಿದ ಕೈ ಹಾಗೇ ನಿಂತಿತು. ಆಮೇಲೆ ಸಾಹೇಬರು ನಕ್ಕ ನಗುವಿಗೆ ಅಂಗಳದ ಕೋಳಿಗಳೆಲ್ಲ ಚದುರಿ ಓಡಿದವು. ವಿಸಿಟ್ ಪುಸ್ತಕ ತರಿಸಿ, ಬರೆದದ್ದನ್ನೆಲ್ಲ ತಾವೇ ಹೊಡೆದುಹಾಕಿದರು.

ಇವತ್ತಿನ ಹಾಜರಿಯಲ್ಲಿ ಒಬ್ಬರನ್ನು ಹೆಚ್ಚಿಗೆ ಬರೆದುಕೊಳ್ಳೋಣ ಅನ್ನಿಸುತ್ತಿದೆ.