ಅಂಗಳದಂಚಿನ ಡೈಸಿ

ಕುಮಟಾದ ನರ್ಸರಿಯಿಂದ ಆ ಎರಡು ಸಸಿಗಳನ್ನು ತಂದವಳು ನಾನೇ. ಇಷ್ಟು ಖಚಿತ. ಮಾರ್ಗರೈಟ್ ಡೈಸಿ ಎಂದಿದ್ದರು. ಬಿಳಿ ಎಸಳು, ನಡುವೆ ಹಳದಿ. ನಮ್ಮ ಕರಾವಳಿಯ ಮಳೆಗೆ ಅದರ ಬುಡ ಕೊಳೆಯುತ್ತದೆ, ಬಿಸಿಲಿಗೆ ಬಾಡುತ್ತದೆ, ಸೆರಗು ತಾಗಿದರೂ ದಂಟು ಮುರಿಯುತ್ತದೆ. ಮಳೆಗಾಲವಿಡೀ ಅಮ್ಮ, ನಮ್ಮ ಆಯಿ, ಅವನ್ನು ಬಚ್ಚಲಿನ ಮಾಡಿನಡಿ ಇಟ್ಟು ಉಳಿಸಿಕೊಂಡಳು. ಚೌತಿ ಕಳೆದ ಮೇಲೆ, ಹೊನ್ನಾವರದ ಹತ್ತಿರದ ನಮ್ಮ ಮನೆಯ ಅಂಗಳದಂಚಿಗೆ, ಬಾವಿಯ ಬದಿಗೆ ನೆಟ್ಟಳು. ತುದಿ ಚಿವುಟಿ ಕವಲೊಡೆಸಿದಳು.

ಅಪ್ಪ ಹೋದ ಮೇಲೆ ಮನೆ, ಗದ್ದೆ ಎಲ್ಲ ಅಣ್ಣನ ಹೆಸರಿಗೆ ಆಗಿತ್ತು. ಆಯಿ ತನಗೆಂದು ಕೇಳಿದ್ದು ಆ ಒಂದು ಮೊಳ ಜಾಗ ಮಾತ್ರ.

"ವಾಸನೆ ಇಲ್ಲ, ದೇವರಿಗೆ ಆಗೂದಿಲ್ಲ. ನೀನಂತೂ ಮುಡಿಯೂದಿಲ್ಲ. ಎಂತಕೆ ಆಯಿ ಅದು?" ಅಣ್ಣ ಕೇಳಿದ.

"ನೋಡೂಕೆ."

"ನೋಡೂಕೆ ಟಿ.ವಿ. ಇಲ್ವ?" ಅತ್ತಿಗೆ ಒಳಗಿನಿಂದ ಕೂಗಿದಳು. ಎಲ್ಲರೂ ನಕ್ಕೆವು. ಆಯಿಯೂ ನಕ್ಕಳೆಂದು ನನ್ನ ನೆನಪು. ಅದು ನನಗೆ ಬೇಕಾದ ನೆನಪೂ ಹೌದು.

ಮಳೆ ಬಿಟ್ಟ ಮೇಲೆ ನಮ್ಮಲ್ಲಿ ಅಂಗಳ ಮಾಡುತ್ತಾರೆ. ಪಾಚಿ ಕೆತ್ತಿ, ಹೊಸ ಮಣ್ಣು ಹಾಕಿ, ನೀರು ಚಿಮುಕಿಸಿ ಬಡಿದು, ಸಗಣಿ ಸಾರಿಸುತ್ತಾರೆ. ಆ ವರ್ಷ ಅಪ್ಪನ ತಿಥಿಯೊಳಗೆ ಅದು ಮುಗಿಯಬೇಕಿತ್ತು. ಗಿಡಗಳಲ್ಲಿ ಆಗಲೇ ಮೊಗ್ಗು.

"ಆ ಬದಿ ಒಂದು ಬಿಟ್ಟುಬಿಡು" ಎಂದಳು ಆಯಿ.

"ಆತು, ಆತು" ಎಂದ ಅಣ್ಣ, ಮೊಬೈಲಿನಿಂದ ತಲೆ ಎತ್ತದೆ.

ತಿಥಿಗೆ ನಾನು ಹೋದಾಗ ಅಂಗಳ ಬಾವಿಕಟ್ಟೆಯವರೆಗೂ ಸಪಾಟಾಗಿತ್ತು. ಗಿಡಗಳು ತೆಂಗಿನ ಬುಡದಲ್ಲಿ ಬೇರು ಮೇಲಾಗಿ ಬಿದ್ದಿದ್ದವು. ಒಂದು ಮೊಗ್ಗು ಅರ್ಧ ಬಿರಿದಿತ್ತು.

ಅಣ್ಣ ಕಿತ್ತೆಸೆದ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದೆ. ಗುದ್ದಲಿ ಹಿಡಿದ ಅವನ ಕೈ ಕೂಡ ನನಗೆ ಕಾಣುತ್ತದೆ. ಆದರೆ ಆ ಕೆಲಸದ ದಿನ ನಾನು ಅಲ್ಲಿರಲೇ ಇಲ್ಲ. ಇದ್ದವಳು ತಂಗಿ. ಮೊನ್ನೆ ಅವಳು ಹೇಳಿದಳು: "ಅಣ್ಣ ಎಲ್ಲಿ ಕಿತ್ತ ಅಕ್ಕಾ? ಆಳುಗಳು ಬರೂಕೆ ಮೊದಲೇ ಆಯಿಯೇ ಕಿತ್ತದ್ದು."

'ಆತು' ಎಂದ ಮಗನ ಮಾತು ಆಳುಗಳೆದುರು ಸುಳ್ಳಾಗುವುದನ್ನು ನೋಡಲಾರದೆ ಕಿತ್ತಳೇ? ಈ ಕಾರಣವೂ ನಾನೇ ಕಟ್ಟಿದ್ದು. ಅಣ್ಣನ ಮೇಲಿನ ಸಿಟ್ಟು ಸುಲಭವಿತ್ತು. ಈಗ ಅದನ್ನು ಎಲ್ಲಿಡಬೇಕೋ ತಿಳಿಯದು.

ಈ ಚಳಿಗಾಲದಲ್ಲಿ ಆಯಿ ಕುಮಟಾದ ನನ್ನ ಬಾಡಿಗೆ ಮನೆಗೆ ಬಂದಳು. ಅದೇ ಜಾತಿಯ ಡೈಸಿಯ ಹೊಸ ಸಸಿಗಳನ್ನು ನೆಡಲು ಗೇಟಿನ ಬಳಿ ಗುಂಡಿ ತೋಡಿದ್ದೆ.

"ನೆಲಕ್ಕೆ ಎಂತಕೆ? ಕುಂಡದಲ್ಲೇ ಇರ್ಲಿ."

"ನೆಲದಲ್ಲಿ ಚೆನ್ನಾಗಿ ಬರ್ತದೆ ಆಯಿ."

"ಬರ್ತದೆ, ಹೌದು. ನಾಳೆ ಯಾರಾದ್ರೂ ಜಾಗ ಬಿಡು ಅಂದ್ರೆ? ಎತ್ತಿ ಬದಿಗಿಡೂಕೆ ಆಗ್ಬೇಕು."

ನಾನು ಸಸಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಅವಳು ಕಾಲಿನಿಂದಲೇ ಮಣ್ಣು ಸರಿಸಿ ಗುಂಡಿ ಮುಚ್ಚತೊಡಗಿದ್ದಳು.